ಸಾಥ್ ಕೊಡುವವನ ಕುರ್ಚಿ

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಸಂಗೀತ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ನೋಡಿದವರಿಗೆಲ್ಲ ಅದರ ಕ್ರಮ ಗೊತ್ತು. ಹಾಡುವವರ ಹೆಸರು ಮೇಲೆ ದಪ್ಪ ಅಕ್ಷರದಲ್ಲಿರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ತಬಲಾ ಸಾಥ್’, ‘ಹಾರ್ಮೋನಿಯಂ ಸಾಥ್’ ಎಂದು ಇನ್ನಿಬ್ಬರ ಹೆಸರು. ಈ ಸಾಥ್ ಎಂಬ ಶಬ್ದ ಎಲ್ಲಿಂದ ಬಂತೆಂದು ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ ಯಾರೂ ಕೇಳುವುದಿಲ್ಲ. ಅದು ಕನ್ನಡದ ಶಬ್ದವೇ ಆಗಿಹೋಗಿದೆ. ಜೊತೆ ಎಂದರೆ ಪಕ್ಕದಲ್ಲಿರುವುದು. ಸಾಥ್ ಎಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಇನ್ನೊಬ್ಬರು ಹಿಡಿದ ದಾರಿಯಲ್ಲಿ, ಅವರ ನಡಿಗೆಗೆ ನಮ್ಮ ಹೆಜ್ಜೆ ಹೊಂದಿಸಿಕೊಂಡು ಹೋಗುವುದು.

ಸಾಥ್ ಕೊಡುವವನು ಅದೇ ಮೇಳದವನಾದರೆ ತೊಂದರೆಯಿಲ್ಲ. ಆದರೆ ಬೇರೆ ಮೇಳದಲ್ಲಿ ಬೆಳೆದವನು, ಬೇರೆ ಶ್ರೋತೃಗಳ ಪ್ರೀತಿ ಗಳಿಸಿದವನು ಬಂದು ಕುಳಿತರೆ ಏನಾಗುತ್ತದೆ? ಬಂದ ಮನೆಯವರು ಅವನನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಬಿಟ್ಟು ಬಂದ ಮನೆಯವರು ಏನೆನ್ನುತ್ತಾರೆ? ಸಂಗೀತದ ವಿಮರ್ಶೆ ಸಾಮಾನ್ಯವಾಗಿ ಮುಖ್ಯ ಗಾಯಕನ ಸುತ್ತಲೇ ತಿರುಗುತ್ತದೆ. ಇಲ್ಲಿ ನಾವು ಸಣ್ಣ ಅಕ್ಷರದ ಹೆಸರಿನ ಕಡೆಗೆ ನೋಡಬೇಕೆಂದಿದ್ದೇವೆ. ಅದಕ್ಕೆ ಆರಿಸಿಕೊಂಡ ಉದಾಹರಣೆ ದೂರದ ಅಮೆರಿಕದ್ದು. ರಾಕ್ ತಂಡದ ನಡುವೆ ಬಂದು ಕುಳಿತ ಪೆಡಲ್ ಸ್ಟೀಲ್ ಗಿಟಾರ್ ವಾದಕನದು. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓದುಗರಿಗೆ ಆ ಊರಿನ ಉಸಾಬರಿ ಏಕೆ ಎನ್ನಿಸಬಹುದು. ಆದರೆ ಆ ವಾದ್ಯ ನಮಗೆ ತೀರ ಅಪರಿಚಿತವಲ್ಲ, ಆ ವಾದಕನಿಗೆ ಬಂದ ಕಷ್ಟವಂತೂ ನಮಗೆ ಚೆನ್ನಾಗಿಯೇ ಪರಿಚಿತ.

ಮೊದಲು ವಾದ್ಯದ ಮಾತು. ಪೆಡಲ್ ಸ್ಟೀಲ್ ಗಿಟಾರನ್ನು ಕೊರಳಿಗೆ ತೂಗುಹಾಕಿಕೊಂಡು ಕುಣಿಯಲು ಬರುವುದಿಲ್ಲ. ನಾಲ್ಕು ಕಾಲಿನ ಮೇಜಿನಂತೆ ಅದು ಅಡ್ಡಲಾಗಿ ನಿಂತಿರುತ್ತದೆ. ವಾದಕ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಬೇಕು. ಸಾಮಾನ್ಯವಾಗಿ ಒಂದು ಸಾಲಿಗೆ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ದುಂಡು ಸಲಾಕೆ ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ, ಬಲಗೈ ಬೆರಳುಗಳಿಗೆ ನಖಿ ತೊಟ್ಟು ಮೀಟುತ್ತಾರೆ. ಎಡಗಾಲಿನ ಕೆಳಗೆ ಪೆಡಲುಗಳು, ಮೊಣಕಾಲುಗಳ ಪಕ್ಕದಲ್ಲಿ ಲಿವರುಗಳು. ಅವನ್ನು ಒತ್ತಿದರೆ ಕೆಲವು ತಂತಿಗಳ ಸ್ವರ ಮಾತ್ರ ಏರುತ್ತದೆ ಇಲ್ಲವೆ ಇಳಿಯುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಬಲಗಾಲು ಧ್ವನಿಯ ಏರಿಳಿತ ನೋಡಿಕೊಳ್ಳುತ್ತದೆ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು ಒಟ್ಟಿಗೆ ದುಡಿಯಬೇಕು. ಹಾಗಾಗಿ ವೇದಿಕೆಯ ಮೇಲೆ ಅತಿ ಹೆಚ್ಚು ಕೆಲಸ ಮಾಡುವವನೇ ಅತಿ ಕಡಿಮೆ ಅಲುಗಾಡುವವನಾಗಿ ಕಾಣುತ್ತಾನೆ.

1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್‌ನ ‘ಸ್ಲೋಲಿ’ ಎಂಬ ಹಾಡಿನಲ್ಲಿ ಬಡ್ ಐಸಾಕ್ಸ್ ಎಂಬ ವಾದಕ, ಸ್ವರ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ ಒಂದು ತಂತಿಯನ್ನು ಇನ್ನೊಂದರ ಹತ್ತಿರಕ್ಕೆ ಜಾರಿಸಿದ. ಅಲ್ಲಿಂದ ಮುಂದೆ ಅಮೆರಿಕದ ಕಂಟ್ರಿ ಸಂಗೀತಕ್ಕೆ ಆ ಅಳುವಿನಂಥ ಧ್ವನಿಯೇ ಗುರುತಾಯಿತು. ಕಂಟ್ರಿ ಎಂದರೆ ಅಲ್ಲಿಯ ದಕ್ಷಿಣ ಭಾಗದ ಹಳ್ಳಿಗರ, ಕೂಲಿಕಾರರ, ಚರ್ಚಿಗೆ ತಪ್ಪದೆ ಹೋಗುವ ಕುಟುಂಬಗಳ ಸಂಗೀತ. ನ್ಯಾಶ್‌ವಿಲ್ ಅದರ ರಾಜಧಾನಿ. ಅಲ್ಲಿಯ ‘ಗ್ರ್ಯಾಂಡ್ ಓಲ್ ಓಪ್ರಿ’ ಕಾರ್ಯಕ್ರಮ 1925ರಿಂದ ರೇಡಿಯೊದಲ್ಲಿ ಬರುತ್ತಿದೆ. ಆ ವೇದಿಕೆ ಹತ್ತುವುದೆಂದರೆ ಕಂಟ್ರಿ ಕಲಾವಿದನಿಗೆ ದರ್ಬಾರಿಗೆ ಹೋದಂತೆ.

1968ರ ಮಾರ್ಚ್ 15ರಂದು ಆ ದರ್ಬಾರಿಗೆ ‘ದ ಬರ್ಡ್ಸ್’ ಎಂಬ ರಾಕ್ ತಂಡ ಬಂತು. ವಿಯೆಟ್ನಾಂ ಯುದ್ಧದ ಕಾಲ ಅದು. ಉದ್ದ ಕೂದಲು ಬಿಟ್ಟ ಹುಡುಗರೆಂದರೆ ಯುದ್ಧ ವಿರೋಧಿಗಳು, ಹಿರಿಯರನ್ನು ಲೆಕ್ಕಿಸದವರು ಎಂದು ಒಂದು ಪಂಗಡ ನಂಬಿತ್ತು. ಕಂಟ್ರಿ ಕೇಳುವವರೆಂದರೆ ಹಿಂದುಳಿದವರು ಎಂದು ಇನ್ನೊಂದು ಪಂಗಡ ನಗುತ್ತಿತ್ತು. ಬರ್ಡ್ಸ್ ತಂಡ ಆಗ ತನ್ನ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ ಆಲ್ಬಂಗಾಗಿ ಕಂಟ್ರಿ ಹಾಡುಗಳನ್ನು ಹಾಡಲು ನ್ಯಾಶ್‌ವಿಲ್‌ಗೆ ಬಂದಿತ್ತು. ಅವರಿಗೆ ಪೆಡಲ್ ಸ್ಟೀಲ್ ನುಡಿಸಲು ಸಿಕ್ಕವನು ಲಾಯ್ಡ್ ಗ್ರೀನ್. ನ್ಯಾಶ್‌ವಿಲ್‌ನ ಸ್ಟುಡಿಯೊಗಳಲ್ಲಿ ಬಹಳ ಬೇಡಿಕೆಯಿದ್ದ ವಾದಕ. ಆ ಸಂಜೆ ಓಪ್ರಿ ವೇದಿಕೆಯ ಮೇಲೂ ಅವನು ಈ ಹುಡುಗರೊಂದಿಗೆ ಕುಳಿತ. ಸಭಿಕರಲ್ಲಿ ಕೆಲವರು ಕೂಗಿ ಗೇಲಿ ಮಾಡಿದರು, ಕೂದಲು ಕತ್ತರಿಸಿಕೊಳ್ಳಿ ಎಂದರು.

ಗೇಲಿ ಮಾಡಿಸಿಕೊಂಡ ತಂಡದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಮ್ಮ ಲಕ್ಷ್ಯ ಹೋಗುವುದು ಗ್ರೀನ್ ಕುಳಿತ ಕುರ್ಚಿಯ ಕಡೆಗೆ. ಬರ್ಡ್ಸ್ ಹುಡುಗರಿಗೆ ಆ ಸಭೆ ಒಂದು ಸಂಜೆಯ ಮಾತು. ಮರುದಿನ ಅವರು ತಮ್ಮ ಶ್ರೋತೃಗಳ ಬಳಿಗೆ ಹೋಗಬಹುದಿತ್ತು. ಗ್ರೀನ್‌ಗೆ ಹಾಗಲ್ಲ. ಕೂಗುತ್ತಿದ್ದವರು ಅವನದೇ ಜನ. ಮರುದಿನವೂ ಅವನು ಅದೇ ಊರಿನಲ್ಲಿ ದುಡಿಯಬೇಕು, ಅದೇ ಜನರಿಗೆ ಮುಖ ತೋರಿಸಬೇಕು. ಅತಿಥಿಯಾಗಿ ಹೋಗುವವನಿಗೆ ಎರಡು ಮನೆಗಳ ಋಣವಿರುತ್ತದೆ. ಹೋದ ಮನೆಯಲ್ಲಿ ಚೆನ್ನಾಗಿ ನುಡಿಸಬೇಕು, ಬಿಟ್ಟು ಬಂದ ಮನೆಗೆ ಉತ್ತರ ಕೊಡಬೇಕು. ಈ ಎರಡನೆಯ ಋಣ ಯಾವ ಆಮಂತ್ರಣ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ.

ಹಾಗೆಂದು ತಪ್ಪೆಲ್ಲ ಸಭಿಕರದೇ ಎಂದು ನಾವು ಹೇಳುವುದಿಲ್ಲ. ಎರಡನೆಯ ಹಾಡಿನ ವೇಳೆಗೆ ನಿರೂಪಕ ಒಂದು ಹಾಡನ್ನು ಘೋಷಿಸಿದರೆ, ತಂಡದ ಗ್ರಾಂ ಪಾರ್ಸನ್ಸ್ ತನ್ನ ಅಜ್ಜಿಯ ಹೆಸರು ಹೇಳಿ ಬೇರೆ ಹಾಡನ್ನೇ ಹಾಡಿಬಿಟ್ಟ. ಅದು ಅವನೂ ಸೇರಿ ರಚಿಸಿದ ‘ಹಿಕರಿ ವಿಂಡ್’. ಹಾಡು ಒಳ್ಳೆಯದು, ಇಂದಿಗೂ ಉಳಿದಿದೆ. ಆದರೆ ನೇರ ಪ್ರಸಾರವಾಗುವ ಕಾರ್ಯಕ್ರಮದಲ್ಲಿ, ಇನ್ನೊಬ್ಬರ ಮನೆಯಲ್ಲಿ, ಹೇಳಿದ್ದು ಬಿಟ್ಟು ಬೇರೆ ಹಾಡಿದ್ದರಿಂದ ಓಪ್ರಿಯವರು ಸಿಟ್ಟಾದರು. ಮಹಫಿಲ್‌ಗೆ ಒಂದು ಅದಬ್ ಇರುತ್ತದೆ. ಅದನ್ನು ಮುರಿಯುವ ಧೈರ್ಯ ಕೆಲವೊಮ್ಮೆ ಬೇಕಾಗುತ್ತದೆ ನಿಜ. ಆದರೆ ಹಾಗೆ ಮುರಿದದ್ದರ ಬೆಲೆಯನ್ನು ಪಕ್ಕದಲ್ಲಿ ಕುಳಿತ ಸಾಥಿಯೂ ತೆರಬೇಕಾಗುತ್ತದೆ ಎಂಬುದು ನೆನಪಿರಬೇಕು.

ಈಗ ಆಲ್ಬಂ ಕೇಳೋಣ. ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ 1968ರ ಆಗಸ್ಟ್ ಕೊನೆಗೆ ಹೊರಬಂತು. ಆಗ ಅಷ್ಟಾಗಿ ಮಾರಾಟವಾಗಲಿಲ್ಲ. ಇಂದು ಕಂಟ್ರಿ ರಾಕ್ ಎಂಬ ಇಡೀ ಪ್ರಕಾರಕ್ಕೆ ಅದನ್ನು ಬುನಾದಿ ಎನ್ನುತ್ತಾರೆ. ಬಾಬ್ ಡಿಲನ್ ರಚಿಸಿದ ಅದರ ಮೊದಲ ಹಾಡು ಶುರುವಾಗುವುದೇ ಗ್ರೀನ್‌ನ ಸ್ಟೀಲ್‌ನಿಂದ. ನ್ಯಾಶ್‌ವಿಲ್ ಪದ್ಧತಿಯಲ್ಲಿ ಒಂದು ಸಾಲಿನ ನಂತರ ಪಿಟೀಲು, ಇನ್ನೊಂದರ ನಂತರ ಸ್ಟೀಲ್ ಎಂದು ಜಾಗ ಹಂಚಿಕೊಳ್ಳುತ್ತಾರೆ. ನಾನು ಎಲ್ಲೆಲ್ಲಿ ನುಡಿಸಲಿ ಎಂದು ಗ್ರೀನ್ ಕೇಳಿದಾಗ, ಮೊದಲಿನಿಂದ ಕೊನೆಯವರೆಗೂ ನುಡಿಸು ಎಂದು ತಂಡದವರು ಹೇಳಿದರಂತೆ. ಇದನ್ನು ಅವನೇ ಮುಂದೆ ನೆನಪಿಸಿಕೊಂಡಿದ್ದಾನೆ. ಅಂಥ ಸ್ವಾತಂತ್ರ್ಯ ಸಿಕ್ಕರೆ ಯಾರಾದರೂ ತಮ್ಮ ಕೈಚಳಕವನ್ನೆಲ್ಲ ಸುರಿದುಬಿಡುತ್ತಾರೆ. ಗ್ರೀನ್ ಹಾಗೆ ಮಾಡಲಿಲ್ಲ. ಗಾಯಕ ಉಸಿರು ತೆಗೆದುಕೊಳ್ಳುವಲ್ಲಿ ಅವನ ತಂತಿ ಮುಂದೆ ಬರುತ್ತದೆ, ಮಾತು ಶುರುವಾದೊಡನೆ ಹಿಂದೆ ಸರಿಯುತ್ತದೆ. ಇಡೀ ಹಾಡಿನಲ್ಲಿ ಅವನಿದ್ದಾನೆ, ಆದರೆ ಎಲ್ಲಿಯೂ ಹಾಡಿಗೆ ಅಡ್ಡ ಬಂದಿಲ್ಲ.

ಅದೇ ಆಲ್ಬಂನಲ್ಲಿ ಸೋತ ಜಾಗವೂ ಇದೆ. ಲೂವಿನ್ ಸಹೋದರರ ‘ದ ಕ್ರಿಶ್ಚಿಯನ್ ಲೈಫ್’ ಎಂಬ ಭಕ್ತಿಗೀತೆಯನ್ನು ರೋಜರ್ ಮೆಕ್‌ಗ್ವಿನ್ ದಕ್ಷಿಣದವರ ಉಚ್ಚಾರಣೆಯನ್ನು ಅತಿಯಾಗಿ ಅನುಕರಿಸಿ ಹಾಡಿದ್ದಾನೆ. ಕೇಳುವಾಗ ಅದು ಗೌರವವೋ ಗೇಲಿಯೋ ತಿಳಿಯುವುದಿಲ್ಲ. ಬೆಂಗಳೂರಿನ ನಟರು ಸಿನಿಮಾದಲ್ಲಿ ನಮ್ಮ ಭಾಗದ ಮಾತನ್ನು ‘ಏನ್ರೀ, ಹೌದ್ರೀ’ ಎಂದು ಎಳೆದೆಳೆದು ಆಡಿದಾಗ ನಮಗೆ ಆಗುವ ಮುಜುಗರವೇ ಇಲ್ಲಿಯೂ ಆಗುತ್ತದೆ. ಗ್ರೀನ್ ಮಾತ್ರ ರಾಕ್ ಹುಡುಗರಂತೆ ಕೇಳಿಸಲು ಎಲ್ಲಿಯೂ ಯತ್ನಿಸುವುದಿಲ್ಲ. ತನ್ನ ಊರಿನ ಧಾಟಿಯಲ್ಲೇ ನುಡಿಸುತ್ತಾನೆ. ಕರೆದವರು ಅತಿಥಿಯ ಧಾಟಿಯನ್ನು ಅನುಕರಿಸಿದಲ್ಲಿ ಹಾಡು ಕೆಟ್ಟಿದೆ, ಅತಿಥಿ ತನ್ನತನ ಬಿಡದೆ ಅವರ ಮಾತಿಗೆ ಕಿವಿಗೊಟ್ಟಲ್ಲಿ ಹಾಡು ಗೆದ್ದಿದೆ. ಬೆರೆಯುವುದು ಎಂದರೆ ಒಬ್ಬರಂತೆ ಇನ್ನೊಬ್ಬರಾಗುವುದು ಎಂಬ ನಂಬಿಕೆಗೆ ಈ ಒಂದು ಆಲ್ಬಂ ಸಾಕಷ್ಟು ಉತ್ತರ ಕೊಡುತ್ತದೆ.

ಇಂಥ ಇನ್ನೆರಡು ಪ್ರಸಂಗಗಳನ್ನು ನೋಡಬಹುದು. ಸಿತಾರ್ ಕಲಿಯಲು ರವಿಶಂಕರರ ಬಳಿ ಬಂದಿದ್ದ ಜಾರ್ಜ್ ಹ್ಯಾರಿಸನ್ 1970ರಲ್ಲಿ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಆಲ್ಬಂಗಾಗಿ ನ್ಯಾಶ್‌ವಿಲ್‌ನ ಪೀಟ್ ಡ್ರೇಕ್‌ನನ್ನು ಲಂಡನ್ನಿಗೆ ಕರೆಸಿಕೊಂಡ. ಹತ್ತಾರು ವಾದ್ಯಗಳು ಒಟ್ಟಿಗೆ ಮೊಳಗುವ ಆ ಆಲ್ಬಂನಲ್ಲಿ ಡ್ರೇಕ್‌ನ ಸ್ಟೀಲ್ ಕೆಲವೇ ಕಡೆ ಕೇಳಿಸುತ್ತದೆ, ಅಲ್ಲೆಲ್ಲ ಗದ್ದಲ ಇಳಿದು ಹಾಡಿಗೆ ಉಸಿರು ಬರುತ್ತದೆ. ಅದೇ 1970ರಲ್ಲಿ ಬಂದ ‘ಟೀಚ್ ಯುವರ್ ಚಿಲ್ಡ್ರನ್’ ಎಂಬ ಹಾಡಿಗೆ ಪೆಡಲ್ ಸ್ಟೀಲ್ ನುಡಿಸಿದವನು ‘ಗ್ರೇಟ್‌ಫುಲ್ ಡೆಡ್’ ರಾಕ್ ತಂಡದ ಜೆರ್ರಿ ಗಾರ್ಸಿಯಾ. ಅವನು ಆ ವಾದ್ಯ ಹಿಡಿದು ಹೆಚ್ಚು ದಿನವಾಗಿರಲಿಲ್ಲ. ಡ್ರೇಕ್‌ನ ಪಳಗಿದ ಕೈ ಅವನಿಗಿರಲಿಲ್ಲ. ಆದರೂ ಆ ಹಾಡು ಅವನ ತಂತಿಯಿಲ್ಲದೆ ನೆನಪಿಗೇ ಬರುವುದಿಲ್ಲ. ಹಣದ ಬದಲು, ತನ್ನ ತಂಡಕ್ಕೆ ಒಟ್ಟಾಗಿ ಹಾಡುವುದನ್ನು ಕಲಿಸಿಕೊಡಿ ಎಂದು ಕೇಳಿದನೆಂದು ಹೇಳುವುದುಂಟು. ಕೊಡುವುದೂ ಕಲಿಯುವುದೂ ಒಟ್ಟಿಗೇ ನಡೆಯುವ ಇಂಥ ಒಪ್ಪಂದ ನಮ್ಮ ಭಜನಾ ಮಂಡಳಿಗಳವರಿಗೆ ಹೊಸದೇನಲ್ಲ.

ಈ ವಾದ್ಯ ನಮಗೆ ಅಪರಿಚಿತವಲ್ಲ ಎಂದೆವಲ್ಲ, ಅದಕ್ಕೆ ಬರೋಣ. ಪೆಡಲ್ ಸೇರಿದ್ದು ಅಮೆರಿಕದಲ್ಲಿ. ಉಕ್ಕನ್ನು ತಂತಿಯ ಮೇಲೆ ಜಾರಿಸುವ ಗಿಟಾರ್ ಹುಟ್ಟಿದ್ದು ಹವಾಯಿ ದ್ವೀಪಗಳಲ್ಲಿ, 19ನೆಯ ಶತಮಾನದ ಕೊನೆಯಲ್ಲಿ. ಜೋಸೆಫ್ ಕೆಕುಕು ಎಂಬವನಿಗೆ ಅದರ ಶ್ರೇಯ ಸಲ್ಲುತ್ತದೆ. ಭಾರತದಲ್ಲಿ ಹುಟ್ಟಿ ಹಡಗಿನಲ್ಲಿ ಅಲ್ಲಿಗೆ ತಲುಪಿದ ಗೇಬ್ರಿಯಲ್ ಡೇವಿಯನ್ ಎಂಬವನು ಅದಕ್ಕೂ ಮೊದಲೇ ಹಾಗೆ ನುಡಿಸುತ್ತಿದ್ದ ಎಂಬ ಇನ್ನೊಂದು ಮಾತೂ ಇದೆ. ನಮ್ಮ ದೇಶದ ವಿಚಿತ್ರ ವೀಣೆ, ಗೋಟುವಾದ್ಯಗಳಲ್ಲಿಯೂ ಜಾರಿಸುವ ಪದ್ಧತಿಯೇ ಇದೆ. ಹವಾಯಿಯ ಟಾವ್ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಆ ಗಿಟಾರನ್ನು ನುಡಿಸಿದ, ಕಲಿಸಿದ. ಹಳೆಯ ಹಿಂದಿ ಸಿನಿಮಾ ಹಾಡುಗಳ ನಡುವೆ ಕೇಳಿಬರುವ ಆ ಜಾರುವ ತಂತಿ ರೇಡಿಯೊ ಕೇಳಿ ಬೆಳೆದ ನಮ್ಮ ಪೀಳಿಗೆಗೆಲ್ಲ ಗೊತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ.

ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯ, ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಆ ಗಿಟಾರನ್ನು ರಾಗಕ್ಕೆ ಒಗ್ಗಿಸಿದರು. 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ್ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲಿನ ಪಕ್ಕದಲ್ಲಿ ಅವರ ಗಿಟಾರ್ ಕುಳಿತಿದೆ. ಅಲ್ಲಿ ಯಾರು ಮನೆಯವರು, ಯಾರು ಅತಿಥಿ ಎಂದು ಹೇಳಲು ಬರುವುದಿಲ್ಲ. 1993ರ ‘ಎ ಮೀಟಿಂಗ್ ಬೈ ದ ರಿವರ್’ನಲ್ಲಿ ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಯೊಂದಿಗೆ ಅಮೆರಿಕದ ರೈ ಕೂಡರ್ ಎದುರು ಕುಳಿತರು. ಇಬ್ಬರೂ ಭೇಟಿಯಾದ ಸ್ವಲ್ಪ ಹೊತ್ತಿನಲ್ಲೇ ಧ್ವನಿಮುದ್ರಣ ಶುರುವಾಯಿತೆಂದು ಹೇಳುತ್ತಾರೆ. ಅವಸರವಿಲ್ಲದ, ಕಾಯಲು ಬಲ್ಲ ಇಬ್ಬರ ಮಾತುಕತೆ ಅದು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ನಮ್ಮ ಕರ್ನಾಟಕದಲ್ಲಿ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಹಿಂದುಸ್ತಾನಿ ಸ್ಲೈಡ್ ಗಿಟಾರನ್ನು ಬೇರೆ ಬೇರೆ ಬಗೆಯ ಸಂಗೀತಗಾರರ ನಡುವೆ ಕೊಂಡೊಯ್ದಿದ್ದಾರೆ. ರಿಕ್ಕಿ ಕೇಜ್ ಮತ್ತು ವೂಟರ್ ಕೆಲ್ಲರ್‌ಮನ್ ಅವರ, 2015ರಲ್ಲಿ ಗ್ರ್ಯಾಮಿ ಪಡೆದ ‘ವಿಂಡ್ಸ್ ಆಫ್ ಸಂಸಾರ’ದಲ್ಲಿಯೂ ಅವರ ತಂತಿಯಿದೆ.

ಆದರೆ ‘ಫ್ಯೂಷನ್’ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಹೀಗಿಲ್ಲ. ಅನೇಕ ಕಾರ್ಯಕ್ರಮಗಳಲ್ಲಿ ಅತಿಥಿ ವಾದಕನನ್ನು ಕೂಡಿಸುವುದು ಒಗ್ಗರಣೆಗೆ ಸಾಸಿವೆ ಹಾಕಿದಂತೆ. ಅವನ ಸರದಿ ಬಂದಾಗ ಎರಡು ನಿಮಿಷ ವೇಗವಾಗಿ ನುಡಿಸುತ್ತಾನೆ, ಚಪ್ಪಾಳೆ ಬೀಳುತ್ತದೆ, ಹಾಡು ಮೊದಲು ಹೇಗಿತ್ತೋ ಹಾಗೆಯೇ ಮುಂದುವರಿಯುತ್ತದೆ. ಅವನು ಬಂದದ್ದರಿಂದ ಹಾಡು ಬದಲಾಗಲಿಲ್ಲ, ಹಾಡಿನಿಂದ ಅವನೂ ಬದಲಾಗಲಿಲ್ಲ. ಇದನ್ನು ಸೌಹಾರ್ದವೆಂದು ಕರೆಯುವ ರೂಢಿ ಬೆಳೆದಿದೆ. ಒಂದೇ ವೇದಿಕೆಯ ಮೇಲೆ ನಾಲ್ಕು ಬಗೆಯ ವೇಷ ಕಂಡರೆ ಸೌಹಾರ್ದವಾಗುವುದಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಜಾಗ ಬಿಟ್ಟುಕೊಟ್ಟರೇ ಎಂಬುದನ್ನು ಕೇಳಬೇಕು.

ನಮ್ಮ ನೆಲದಲ್ಲಿ ಈ ಜಾಗ ಬಿಡುವ ಕಲೆ ಹೊಸದಲ್ಲ. ಗೀಗೀ ಮೇಳದಲ್ಲಿ ಮುಂದೆ ನಿಂತವನು ದಪ್ಪು ಬಾರಿಸುತ್ತ ಹಾಡುತ್ತಾನೆ. ಹಿಂದಿನವರು ತುಂತುಣಿ, ತಾಳ ಹಿಡಿದು ಸೂರು ಎತ್ತಿಕೊಳ್ಳುತ್ತಾರೆ. ಮುಂದಿನವನು ಸವಾಲಿನ ಸಾಲು ಯೋಚಿಸಿಕೊಳ್ಳಲು ಬೇಕಾದ ಹೊತ್ತನ್ನು ಆ ಹಿಮ್ಮೇಳವೇ ಗಳಿಸಿಕೊಡುತ್ತದೆ. ಹರದೇಶಿ, ನಾಗೇಶಿ ಮೇಳಗಳು ರಾತ್ರಿಯಿಡೀ ವಾದಿಸಿದರೂ ಒಂದು ಹಾಡುವಾಗ ಇನ್ನೊಂದು ಕುಳಿತು ಕೇಳಬೇಕು. ಕೇಳದವನಿಗೆ ಜವಾಬು ಹೇಳಲು ಬರುವುದಿಲ್ಲ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಖಾಜಾಭಾಯಿ ಲಾವಣಿ ಕಟ್ಟಿದ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಆ ಪರಿಸರದ ಹಾಡುಗಳನ್ನು ಸಂಗ್ರಹಿಸಿ 1930ರ ದಶಕದಲ್ಲಿ ಅಚ್ಚಿಗೆ ತಂದರು. ಲಾವಣಿ ಕೇಳುವವರಿಗೆ ಖಾಜಾಭಾಯಿ ಹಲಸಂಗಿಯವನು, ಅಷ್ಟೇ. ಇಂದಿಗೂ ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಮೊಹರಂನ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುವವರ ಪೈಕಿ ಮುಸ್ಲಿಮರಲ್ಲದವರು ಬಹಳ ಮಂದಿ.

ಅತಿಥಿಯನ್ನು ಹೊರಗಿಡುವ ಬುದ್ಧಿಯೂ ನಮ್ಮಲ್ಲಿಯೇ ಇತ್ತು ಎನ್ನುವುದನ್ನು ಮರೆಯಬಾರದು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ವಾದ್ಯವನ್ನು ನಿಷೇಧಿಸಿತು. ಅದು ಪರದೇಶದ್ದು, ಅದರಲ್ಲಿ ಮೀಂಡ್ ಬರುವುದಿಲ್ಲ, ಶ್ರುತಿ ಸರಿಯಿಲ್ಲ ಎಂಬುದು ವಾದ. ಮೂವತ್ತು ವರ್ಷ ದಾಟಿ 1970ರ ದಶಕದಲ್ಲಿ ಆ ನಿಷೇಧ ಸಡಿಲವಾಯಿತು. ಮೀಂಡ್ ಬರುವುದಿಲ್ಲ ಎಂಬ ಮಾತು ಸುಳ್ಳಲ್ಲ. ಸ್ಟೀಲ್ ಗಿಟಾರಿಗೆ ಮೀಂಡ್ ಹುಟ್ಟುಗುಣ, ಹಾರ್ಮೋನಿಯಂಗೆ ಅದು ಸಾಧ್ಯವೇ ಇಲ್ಲ. ಆದರೆ ರೇಡಿಯೊ ಬಾಗಿಲು ಮುಚ್ಚಿದ ಆ ವರ್ಷಗಳಲ್ಲಿಯೂ ನಾಟಕ ಕಂಪನಿಗಳ ಪೇಟಿ ಮಾಸ್ತರರು ಹಾಡುವವರ ಕೊರಳಿಗೆ ಆಸರೆಯಾಗಿ ನಿಂತರು. ಇಂದು ನಮ್ಮ ಮಠದ ಭಜನೆಯಿಂದ ದರ್ಗಾದ ಕವ್ವಾಲಿಯವರೆಗೆ ಪೇಟಿಯಿಲ್ಲದೆ ನಡೆಯುವುದಿಲ್ಲ. ಅದು ಪರದೇಶದ್ದೆಂದು ಈಗ ಯಾರಿಗೂ ನೆನಪಾಗುವುದಿಲ್ಲ. ವಾದ್ಯದ ಹುಟ್ಟಿದೂರು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ, ಅದು ಕೊಟ್ಟ ಸಾಥ್ ಬಂತು.

ಕನ್ನಡದಲ್ಲಿ ಬರೆಯುವ ಮುಸ್ಲಿಮರಾದ ನಮಗೆ ಈ ಅತಿಥಿಯ ಕುರ್ಚಿಯ ಪರಿಚಯವಿದೆ. ‘ಮನೆಮಾತು ಉರ್ದುವಾದರೂ ಎಷ್ಟು ಚಂದ ಕನ್ನಡ ಬರೆಯುತ್ತಾರೆ’ ಎಂದು ಸಭೆಗಳಲ್ಲಿ ಪರಿಚಯಿಸುವವರಿದ್ದಾರೆ. ಅವರ ಪ್ರೀತಿಯ ಬಗ್ಗೆ ನಮಗೆ ಅನುಮಾನವಿಲ್ಲ. ಆದರೆ ಆ ‘ಆದರೂ’ ಎಂಬ ಶಬ್ದ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಸರಿಸುತ್ತದೆ. ಇತ್ತ ನಮ್ಮವರಲ್ಲಿಯೂ, ಉರ್ದು ಕಲಿತವರು ಕನ್ನಡದಲ್ಲೇ ಏಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಗ್ರೀನ್‌ಗೆ ಓಪ್ರಿಯಲ್ಲಿ ಎದುರಾದದ್ದು ಇದಕ್ಕಿಂತ ಬೇರೆಯಲ್ಲ. ಕರೆದವರಿಗೆ ಅವನು ಹೊರಗಿನವನು, ತನ್ನವರಿಗೆ ಹೊರಗೆ ಹೋದವನು.

ಅವನು ಇದಕ್ಕೆ ಭಾಷಣದಿಂದ ಉತ್ತರ ಕೊಡಲಿಲ್ಲ. ನ್ಯಾಶ್‌ವಿಲ್‌ನಲ್ಲಿ ತನ್ನ ಕೆಲಸ ಮುಂದುವರಿಸಿದ. 2018ರಲ್ಲಿ, ಆ ಆಲ್ಬಂಗೆ ಐವತ್ತು ವರ್ಷ ತುಂಬಿದಾಗ, ಅದರಲ್ಲಿ ಸ್ಟೀಲ್ ನುಡಿಸಿದ್ದ ಇನ್ನೊಬ್ಬ ವಾದಕ ಜೇಡೀ ಮೇನೆಸ್ ಜೊತೆ ಸೇರಿ ಅದೇ ಹಾಡುಗಳನ್ನು ಪೆಡಲ್ ಸ್ಟೀಲ್ ಮುಂದಿಟ್ಟುಕೊಂಡು ಮತ್ತೆ ಧ್ವನಿಮುದ್ರಿಸಿದ. ಅಂದು ಸಾಥ್ ಕೊಟ್ಟವರಿಬ್ಬರ ಹೆಸರು ಈ ಸಲ ಮುಖಪುಟದ ಮೇಲೆ ಬಂತು. ಅಷ್ಟು ಹೊತ್ತಿಗೆ ಅದು ಯಾರ ಸಂಗೀತ, ಕಂಟ್ರಿಯವರದೋ ರಾಕ್‌ನವರದೋ ಎಂಬ ಜಗಳವೇ ಹಳತಾಗಿತ್ತು.

ಆದ್ದರಿಂದ ವಿಮರ್ಶಕರಲ್ಲಿ, ಶ್ರೋತೃಗಳಲ್ಲಿ ನಮ್ಮದೊಂದು ವಿನಂತಿ. ಬೇರೆ ಮೇಳದವನೊಬ್ಬ ಬಂದು ಕುಳಿತಾಗ ಅವನ ಜಾತಿ, ಊರು, ಕೈಚಳಕಗಳನ್ನು ಅಳೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಹಾಡುವವರು ಅವನಿಗೆ ಜಾಗ ಬಿಟ್ಟಿದ್ದಾರೆಯೇ? ಅವನು ಹಾಡಿಗೆ ಜಾಗ ಬಿಟ್ಟಿದ್ದಾನೆಯೇ? ಅವನು ಎದ್ದುಹೋದರೆ ಹಾಡಿನಲ್ಲಿ ಏನಾದರೂ ಕಡಿಮೆಯಾಗುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅವನು ಅತಿಥಿಯಲ್ಲ, ಮೇಳದವನೇ. ಮುಂದಿನ ಸಲ ಪತ್ರಿಕೆ ಅಚ್ಚು ಹಾಕಿಸುವಾಗ ಅವನ ಹೆಸರಿನ ಅಕ್ಷರವನ್ನು ಸ್ವಲ್ಪ ದೊಡ್ಡದು ಮಾಡಿಸಿದರೆ ತಪ್ಪಿಲ್ಲ.